ಪಂಖದ ಬುಡದ ಕೆಂಪೆಣ್ಣೆ

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಆ ಪುಟ್ಟ ವಿಮಾನ ಬೇಲೆಕೇರಿ ಕೊಲ್ಲಿಯ ನೀರಿನ ಮೇಲೆ ಒಮ್ಮೆ ಇಳಿದು, ಮತ್ತೆ ಎದ್ದು, ಕಾರವಾರದ ಕೋಡಿಬಾಗಕ್ಕೆ ಮರಳಿತು. ಅದರ ಹೊಟ್ಟೆಯ ಕೆಳಗೆ ಎರಡು ಉದ್ದನೆಯ ತೆಪ್ಪಗಳಿದ್ದವು, ತೆಪ್ಪಗಳೊಳಗೆ ಮಡಚಿಕೊಳ್ಳುವ ಚಕ್ರಗಳಿದ್ದವು. ನೀರಿನ ಮೇಲೂ ಇಳಿಯುತ್ತಿತ್ತು, ನೆಲದ ಮೇಲೂ ಓಡುತ್ತಿತ್ತು. ಕಾಳಿ ನದಿಯ ದಂಡೆಯಲ್ಲಿ ಹೊಸದಾಗಿ ಕಟ್ಟಿದ ಕಾಂಕ್ರೀಟ್ ಇಳಿಜಾರನ್ನು ಅದು ನೀರು ಸುರಿಸುತ್ತ ಹತ್ತಿ ನಿಂತಾಗ ಸುಮಲತಾ ಹರಿಕಂತ್ರ ಒಂದು ಬಿಳಿ ಬಟ್ಟೆ ಹಿಡಿದು ಎಂದಿನಂತೆ ಮೂತಿಯ ಕಡೆಗೆ ಹೋದಳು.

ಪ್ರೊಪೆಲ್ಲರಿನ ಒಂದು ಅಲಗಿನ ಬುಡದಿಂದ ತುದಿಯ ಕಡೆಗೆ ತೆಳ್ಳನೆಯ ಗೆರೆಯೊಂದು ಹರಿದಿತ್ತು. ಪೈಲಟ್ಟಿನ ಮುಂದಿನ ಗಾಜಿನ ಮೇಲೂ ಸಣ್ಣ ಹನಿಗಳು ಚಿಮ್ಮಿದ್ದವು. ಒರೆಸಿ ಬಟ್ಟೆಯನ್ನು ಬಿಸಿಲಿಗೆ ಹಿಡಿದಳು. ಕೆಂಪಾಗಿತ್ತು.

ಸುಮಲತಾ ಅಂಕೋಲಾ ತಾಲೂಕಿನ ಹಾರವಾಡದವಳು. ತಂದೆ ತುಳಸಿದಾಸ ಇರುವಷ್ಟು ಕಾಲ ಕಡಲಿಗೆ ಹೋದವನು. ತಾಯಿ ಕಾಶಿ ಈಗಲೂ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ವಿಮಾನ ದುರಸ್ತಿಯ ಲೈಸೆನ್ಸ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿಕೊಂಡು, ಮುಂಬಯಿಯಲ್ಲಿ ಗ್ರೀಸು ಮೆತ್ತಿಕೊಂಡು ಕೆಲಸ ಕಲಿತು, ಸುಮಲತಾ ಎಂಜಿನಿಯರ್ ಆಗಿದ್ದಳು. ೨೦೦೮ರ ಆ ಚಳಿಗಾಲದಲ್ಲಿ ಗೋವೆಯಿಂದ ಕಾರವಾರಕ್ಕೆ ಪ್ರವಾಸಿಗಳನ್ನು ಹಾರಿಸಿಕೊಂಡು ಬರುವ ಯೋಜನೆ ಹಾಕಿದ ‘ಸಾಗರಹಂಸ’ ಎಂಬ ಸಣ್ಣ ಕಂಪನಿ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಕೋಡಿಬಾಗದಲ್ಲಿ ಇದ್ದ ಎಂಜಿನಿಯರ್ ಅವಳೊಬ್ಬಳೇ. ಅವಳ ಸಹಿ ಇಲ್ಲದೆ ಆ ವಿಮಾನ ನೆಲ ಬಿಡುವಂತಿರಲಿಲ್ಲ.

‘ಎಂತಾ ನೋಡ್ತಾ ಇದ್ದೆ?’ ಎಂದು ಕೇಳುತ್ತ ಅನಂತಪದ್ಮನಾಭ ಭಟ್ಟರು ಬಂದರು. ಹಿಲ್ಲೂರಿನವರು, ಕಂಪನಿಯ ಕಾರವಾರದ ಮ್ಯಾನೇಜರ್. ಈ ವಿಮಾನ ಇಲ್ಲಿಗೆ ಬರಬೇಕೆಂದು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿಳಿದವರು ಅವರೇ.

‘ಪಂಖದಿಂದ ಕೆಂಪೆಣ್ಣೆ ಬರ್ತಾ ಉಂಟು ಸರ್.’

ಭಟ್ಟರು ಬಟ್ಟೆ ನೋಡಿ ನಕ್ಕರು. ‘ಅದು ಬೇಲೆಕೇರಿ ಧೂಳು ಮಾರಾಯ್ತಿ. ಆ ಬದಿಗೆ ಹೋಗಿ ಕೆಂಪಾಗದೆ ಬಂದವರು ಯಾರಿದ್ದಾರೆ?’

ಮಾತಿನಲ್ಲಿ ಸುಳ್ಳಿರಲಿಲ್ಲ. ಆ ವರ್ಷಗಳಲ್ಲಿ ಬೇಲೆಕೇರಿ ಬಂದರಿಗೆ ಅದಿರು ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಅಂಕೋಲೆಯ ರಸ್ತೆಬದಿಯ ಮರದ ಎಲೆ, ಬಸ್ಸಿನ ಸೀಟು, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಸುಮಲತಾ ವಾದಿಸಲಿಲ್ಲ. ಗಾಜಿನ ಲೋಟವೊಂದಕ್ಕೆ ಸ್ವಲ್ಪ ಪೆಟ್ರೋಲು ಹಾಕಿ, ಬಟ್ಟೆಯ ತುದಿಯನ್ನು ಅದ್ದಿ ಹಿಂಡಿ, ರೆಕ್ಕೆಯ ನೆರಳಿನಲ್ಲಿ ಇಟ್ಟಳು. ಇನ್ನೊಂದು ಲೋಟದಲ್ಲಿ ತೆಪ್ಪದ ಮೇಲೆ ಕೂತಿದ್ದ ಧೂಳನ್ನು ಹಾಗೆಯೇ ಕಲಸಿಟ್ಟಳು. ಭಟ್ಟರು ಶಾಮಿಯಾನದವರ ಜೊತೆ ಮಾತಾಡಿ ಮರಳುವಷ್ಟರಲ್ಲಿ ಧೂಳಿನ ಲೋಟದ ತಳದಲ್ಲಿ ಕೆಂಪು ಮಣ್ಣು ಕೂತು ಮೇಲಿನದು ತಿಳಿಯಾಗಿತ್ತು. ಬಟ್ಟೆ ಹಿಂಡಿದ ಲೋಟದಲ್ಲಿ ತಳಕ್ಕೆ ಏನೂ ಇಳಿದಿರಲಿಲ್ಲ. ಇಡೀ ಪೆಟ್ರೋಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

‘ಧೂಳಲ್ಲ ಸರ್. ಬಣ್ಣ ಹಾಕಿದ ಎಣ್ಣೆ.’

‘ಹಾಗಾದರೆ ಗ್ರೀಸು. ಹೊಸದಾಗಿ ಗ್ರೀಸು ಹೊಡೆದ ಪಂಖ ಸ್ವಲ್ಪ ಹೊರಗೆ ಚೆಲ್ಲುತ್ತದೆ ಹೇಳಿ ಗೋವೆಯಲ್ಲಿ ನೀನೇ ಹೇಳಿದ್ದೆ. ತನ್ನಷ್ಟಕ್ಕೇ ನಿಲ್ಲುತ್ತದೆ ಹೇಳಿದ್ದೆ.’

‘ಅದು ಬೇರೆ ಜಾತಿ ಪಂಖ ಸರ್. ಇದರಲ್ಲಿ ಗ್ರೀಸೇ ಇಲ್ಲ.’

ಅವಳು ಬಿಡಿಸಿ ಹೇಳಿದಳು. ಅಲಗುಗಳನ್ನು ಹಿಡಿದುಕೊಂಡಿರುವ ನಡುವಿನ ಲೋಹದ ಭಾಗಕ್ಕೆ ಹಬ್ ಎನ್ನುತ್ತಾರೆ. ಕೆಲವು ಪ್ರೊಪೆಲ್ಲರುಗಳ ಹಬ್ಬಿಗೆ ಗ್ರೀಸು ತುಂಬಿರುತ್ತಾರೆ. ಈ ಪ್ರೊಪೆಲ್ಲರಿನ ಹಬ್ಬಿಗೆ ಮಾತ್ರ ಕೆಂಪು ಬಣ್ಣ ಕಲಸಿದ ಎಣ್ಣೆ. ಜಾರಿಕೆಗೆ ಅದು ಬೇಕು, ಜೊತೆಗೆ ಇನ್ನೊಂದು ಕೆಲಸಕ್ಕೂ ಬೇಕು: ಲೋಹ ಎಲ್ಲಾದರೂ ಕಣ್ಣಿಗೆ ಕಾಣದಷ್ಟು ಬಿರಿದರೆ ಆ ಕೆಂಪು ಹೊರಗೆ ಜಿನುಗಿ ತೋರಿಸಿಕೊಡುತ್ತದೆ. ಎಂಜಿನ್ನಿನ ಎಣ್ಣೆಯಾದರೆ ಕಪ್ಪಗಿರುತ್ತಿತ್ತು. ಕೆಂಪು ಕಂಡರೆ ಅಲಗಿನ ಬುಡದ ರಬ್ಬರ್ ಸೀಲು ಕೆಟ್ಟಿರಬೇಕು, ಇಲ್ಲವೇ ಹಬ್ಬು ಬಿರಿದಿರಬೇಕು. ಸೀಲಾದರೆ ಎಣ್ಣೆ ಸೋರುತ್ತದೆ, ಅಷ್ಟೇ. ಹಬ್ಬಾದರೆ ಹಾರುತ್ತಿರುವಾಗಲೇ ಒಂದು ಅಲಗು ಕಿತ್ತುಹೋಗಬಹುದು; ಆಗಿನ ಅದುರಾಟಕ್ಕೆ ಎಂಜಿನ್ನೇ ಕಳಚಿ ಬೀಳಬಹುದು.

ಪೈಲಟ್ ರೋಷನ ಕೆಳಗಿಳಿದು ಬಂದು ಇದನ್ನೆಲ್ಲ ಕೇಳುತ್ತ ನಿಂತಿದ್ದ. ಅಂಕೋಲೆಯ ಕೇಣಿಯವನು, ಕೂಗಿ ಮಾತಾಡುವವನಲ್ಲ. ‘ಚಕ್ರ ಮಡಚೂ ಹೈಡ್ರಾಲಿಕ್ ಎಣ್ಣೆನೂ ಕೆಂಪೇ ಅಲ್ದಾ?’ ಎಂದು ಕೇಳಿದ.

‘ಕೆಂಪೇ. ಆದ್ರೆ ಅದ್ರ ಪೈಪೆಲ್ಲ ಹಿಂದೆ ಉಂಟು. ಹಾರೂವಾಗ ಗಾಳಿ ಮುಂದಿಂದ ಹಿಂದೆ ಹೋಗೂದು. ಹಿಂದಿನ ಎಣ್ಣೆ ಮುಂದಿನ ಪಂಖಕ್ಕೆ ಹೆಂಗೆ ಬರ್ತದೆ?’ ಎಂದಳು. ಆದರೂ ಹೋಗಿ ಹೈಡ್ರಾಲಿಕ್ ಟ್ಯಾಂಕಿನ ಮಟ್ಟ ನೋಡಿದಳು. ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

ಇನ್ನು ಉಳಿದದ್ದು ಎಣ್ಣೆ ಎಲ್ಲಿಂದ ಹೊರಡುತ್ತಿದೆ ಎಂದು ಪತ್ತೆಮಾಡುವುದು. ಮೂತಿಯ ಮೇಲಿನ ಟೊಪ್ಪಿಗೆಯಂಥ ತಗಡನ್ನು ಬಿಚ್ಚಿ, ಹಬ್ಬನ್ನೂ ಅಲಗುಗಳ ಬುಡವನ್ನೂ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ತೆಳ್ಳಗೆ ಉದುರಿಸಿದಳು. ರೋಷನ ನಿಂತಲ್ಲೇ ಎಂಜಿನ್ ಓಡಿಸಿ ನಿಲ್ಲಿಸಿದ. ಹತ್ತಿರ ಹೋಗಿ ನೋಡಿದರೆ ಕಡಲ ಕಡೆಯಿಂದ ಬೀಸಿದ ತೇವದ ಗಾಳಿಗೆ ಪೌಡರು ಅಲ್ಲಲ್ಲಿ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಮತ್ತೆ ತೊಳೆದಳು. ಗಾಳಿಗೆ ಅಡ್ಡವಾಗಿ ತಾಡಪತ್ರಿ ಕಟ್ಟಿಸಿ ಮತ್ತೆ ಪೌಡರು ಹಾಕಿ ಮತ್ತೆ ಎಂಜಿನ್ ಓಡಿಸಿದರು.

ಈ ಸಲ ಕೆಂಪು ಚುಕ್ಕೆ ಸ್ಪಷ್ಟವಾಗಿ ಕಂಡಿತು. ಆದರೆ ಅದು ಸೀಲಿನ ಸರಿಯಾದ ಜಾಗದಲ್ಲಿರಲಿಲ್ಲ. ಅದರಿಂದ ತುಸು ಒಳಗೆ, ಹಬ್ಬಿನ ಹೆಗಲಿನ ಮೇಲೆ ಇತ್ತು. ಅಲ್ಲಿ ಬಣ್ಣದಲ್ಲಿ ಒಂದು ಸಣ್ಣ ಗೀರು ಕೂಡ ಇತ್ತು. ಭೂತಗನ್ನಡಿ ಹಿಡಿದು ನೋಡಿದಳು. ಬಣ್ಣ ಮಾತ್ರ ಗೀರಿತ್ತೋ, ಲೋಹವೂ ಬಿರಿದಿತ್ತೋ, ಸೀಲಿನಿಂದ ಬಂದ ಎಣ್ಣೆ ಸಂದಿನಲ್ಲಿ ಹರಿದು ಅಲ್ಲಿ ಹೊರಗೆ ಬಂದಿತ್ತೋ, ಹೇಳಲು ಬರುವಂತಿರಲಿಲ್ಲ. ಪ್ರೊಪೆಲ್ಲರನ್ನು ಬಿಚ್ಚಿ ವರ್ಕ್‌ಶಾಪಿನಲ್ಲಿ ತೆರೆದು ನೋಡದೆ ಯಾರಿಗೂ ಹೇಳಲು ಬರುವಂತಿರಲಿಲ್ಲ.

ಅದನ್ನೇ ಭಟ್ಟರಿಗೆ ಹೇಳಿದಳು. ‘ನಾಳೆ ಹಾರಿಸೂಕೆ ಆಗೂದಿಲ್ಲ ಸರ್.’

‘ಮೇಲಿನವರಿಗೆ ತಿಳಿಸುತ್ತೇನೆ’ ಎಂದರು ಭಟ್ಟರು. ಅವರು ತಿಳಿಸುತ್ತಾರೆ, ಕಾರ್ಯಕ್ರಮ ಮುಂದೆ ಹೋಗುತ್ತದೆ ಎಂದುಕೊಂಡೇ ಸುಮಲತಾ ಆ ಸಂಜೆ ಬಾಡಿಗೆ ಕೋಣೆಗೆ ಮರಳಿದಳು.

ಬೆಳಿಗ್ಗೆ ಬಂದರೆ ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬುತ್ತಿದ್ದವು. ಬ್ಯಾಂಡಿನವರು ಬಂದಿದ್ದರು. ಹಾರವಾಡದಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟು, ತಲೆತುಂಬ ಅಬ್ಬಲಿಗೆ ಮುಡಿದು ಅವಳ ತಾಯಿ ಕೂತಿದ್ದಳು. ಮೊದಲ ಹಾರಾಟದಲ್ಲಿ ಗಣ್ಯರ ಜೊತೆ ಎಂಜಿನಿಯರಿನ ತಾಯಿಯೂ ಕೂರಬೇಕು, ಪತ್ರಿಕೆಯವರು ಫೋಟೋ ತೆಗೆಯಬೇಕು ಎಂಬುದು ಭಟ್ಟರ ಯೋಚನೆಯೇ. ಕಾಶಿ ಈ ಸುದ್ದಿಯನ್ನು ಅಂಕೋಲೆ ಪೇಟೆಯಲ್ಲಿ ಹೇಳದೆ ಬಿಟ್ಟ ಗಿರಾಕಿ ಇರಲಿಲ್ಲ.

ಸುಮಲತಾ ನೇರವಾಗಿ ಭಟ್ಟರ ಬಳಿಗೆ ಹೋದಳು. ‘ಸರ್, ಇದೆಲ್ಲ ಎಂತದು? ನಾನು ನಿನ್ನೆ ಹೇಳಿದ್ನಲ್ಲ.’

‘ಕಂಪನಿಯ ಗೋವೆಯ ಎಂಜಿನಿಯರಿಗೆ ಫೋನು ಮಾಡಿ ಕೇಳಿದೆ. ಅವರು ಸೀಲೇ ಹೇಳಿ ಹೇಳಿದರು. ಒಂದು ಸಣ್ಣ ಸುತ್ತು ಹಾರಿಸಿದರೆ ಏನೂ ಆಗುವುದಿಲ್ಲ. ಸಂಜೆಯೇ ವರ್ಕ್‌ಶಾಪಿಗೆ ಕಳಿಸುವ. ನೀನು ಸಹಿ ಹಾಕು.’

‘ಗೋವೆಯಲ್ಲಿ ಕೂತು ಫೋನಲ್ಲಿ ಹಬ್ಬು ನೋಡಿದ್ರಾ ಅವ್ರು?’

ಭಟ್ಟರ ಮುಖ ಬಿಗಿಯಿತು. ‘ಅದು ಬಿರಿದಿದೆ ಹೇಳಿ ನೀನು ಬರೆದು ಕೊಡುತ್ತೀಯಾ?’

‘ಇಲ್ಲ.’

‘ಮತ್ತೆ?’

‘ಬಿರಿದಿಲ್ಲ ಅಂತಲೂ ಬರೆದು ಕೊಡೂದಿಲ್ಲ. ಗೊತ್ತಿಲ್ಲದ್ದಕ್ಕೆ ನನ್ನ ಸಹಿ ಇಲ್ಲ.’

ಭಟ್ಟರು ತಲೆ ಅಲ್ಲಾಡಿಸಿ ಶಾಮಿಯಾನಕ್ಕೆ ಹೋಗಿ ಕಾಶಿಯ ಕಿವಿಯಲ್ಲಿ ಏನೋ ಹೇಳಿದರು. ಕಾಶಿ ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎಲ್ಲರ ಎದುರಿಗೇ ವಿಮಾನದ ಬಳಿಗೆ ಬಂದಳು.

‘ಎಂತದೇ ಇದು? ಒಂದು ಸಹಿ ಹಾಕಿದ್ರೆ ಮುಗೀತಂತೆ. ನೀನು ಹಟ ಮಾಡ್ತೆ ಅಂದ್ರು.’

‘ಹಟ ಅಲ್ಲ ಆಯಿ.’

‘ಹಾಳಾಗಿದ್ಯಾ ಅದು?’

‘ಗೊತ್ತಿಲ್ಲ.’

‘ಹಾಳಾಗಲಿಲ್ವಾ?’

‘ಅದೂ ಗೊತ್ತಿಲ್ಲ. ಬಿಚ್ಚಿ ನೋಡದೆ ಗೊತ್ತಾಗೂದಿಲ್ಲ.’

ಕಾಶಿಗೆ ಸಿಟ್ಟು ಬಂತು. ‘ಇಷ್ಟು ಓದಿ ಗೊತ್ತಿಲ್ಲ ಅಂದ್ರೆ ಎಂತಾ ಹೇಳೂದು? ಊರೆಲ್ಲ ನೋಡೂಕೆ ಬಂದದೆ. ನಾಳೆ ಪೇಟೆಯಲ್ಲಿ ನಾನು ಮುಖ ಎತ್ತಿ ಕೂತ್ಕಳೂಕೆ ಆಗ್ತದ್ಯಾ?’

‘ಆಗ್ತದೆ. ನೀನು ಹೋಗಿ ಕೂತ್ಕೊ. ಈ ವಿಮಾನ ಹತ್ಬೇಡ.’

ಕಾಶಿ ಹಿಂದಿರುಗಿದಳು. ಕುರ್ಚಿಯನ್ನು ಬೇಕೆಂದೇ ಓರೆಯಾಗಿ ಎಳೆದು, ಮಗಳು ಕಾಣದಂತೆ ನದಿಯ ಕಡೆ ಮುಖಮಾಡಿ ಕೂತಳು. ಅದು ಸುಮಲತಾಳಿಗೆ ನಾಟಿತು. ಒಂದು ಕ್ಷಣ ಅವಳಿಗೆ ತಾನೇ ಏನೋ ತಪ್ಪು ಕಂಡಿದ್ದೇನೇನೋ ಅನ್ನಿಸಿತು. ಮತ್ತೆ ಹೋಗಿ ಹಬ್ಬಿನ ಹೆಗಲಿಗೆ ಬಟ್ಟೆ ಒತ್ತಿದಳು. ಮತ್ತೆ ಕೆಂಪು ಬಂತು.

ಅಷ್ಟರಲ್ಲಿ ರೋಷನ ಬಂದು ತಗ್ಗಿದ ದನಿಯಲ್ಲಿ ಹೇಳಿದ, ‘ಗೋವೆ ಎಂಜಿನಿಯರು ಕಾರಲ್ಲಿ ಹೊರಟಾಯ್ತು. ಮಾಜಾಳಿ ದಾಟಿದ್ರಂತೆ. ಅವ್ರಿಗೂ ಇದ್ಕೆ ಲೈಸೆನ್ಸ್ ಉಂಟು. ಬಂದು ಒರೆಸಿ ಸಹಿ ಹಾಕ್ತ್ರು.’

‘ನೀನು ಹಾರ್ಸ್ತ್ಯಾ?’

‘ಸಹಿ ಇದ್ರೆ ಹಾರ್ಸುದಿಲ್ಲ ಅನ್ನೂಕೆ ನಂಗೆ ಕಾರಣ ಬೇಕಾಗ್ತದೆ’ ಎಂದ. ಅವನ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು. ಸುಮಲತಾ ಅವನನ್ನು ಬಯ್ಯಲಿಲ್ಲ.

ಅವಳು ಪೆಟ್ಟಿಗೆ ತೆರೆದು ಸ್ಪ್ಯಾನರು ತೆಗೆದಳು.

ಸಂಶಯವಿದ್ದರೆ ಪ್ರೊಪೆಲ್ಲರ್ ಬಿಚ್ಚಿ ಕಳಿಸಬೇಕೆಂದು ಕೈಪಿಡಿಯೇ ಹೇಳುತ್ತಿತ್ತು. ಬಿಚ್ಚುವ ಅಧಿಕಾರ ಅವಳ ಲೈಸೆನ್ಸಿಗೆ ಇತ್ತು. ಒಮ್ಮೆ ಬಿಚ್ಚಿದ ಮೇಲೆ ಯಾರೂ ಬಟ್ಟೆಯಲ್ಲಿ ಒರೆಸಿ ಹಾರಿಸುವಂತಿರಲಿಲ್ಲ. ಅವಳು ಮೊದಲು ವಿಮಾನದ ದಿನಚರಿಯಲ್ಲಿ ಕಾರಣ ಬರೆದು ತಾರೀಖು ಹಾಕಿದಳು. ಆಮೇಲೆ ನಟ್ಟುಗಳು ಸಡಿಲವಾಗದಂತೆ ಹೆಣೆದಿದ್ದ ತಂತಿಯನ್ನು ಕತ್ತರಿಸಿದಳು. ಬ್ಯಾಂಡಿನವರು ನುಡಿಸುತ್ತಲೇ ಇದ್ದರು.

ಭಟ್ಟರು ಓಡಿಬಂದರು. ‘ಏನು ಮಾಡುತ್ತಿದ್ದೀಯಾ?’

‘ಪಂಖ ಬಿಚ್ಚುತ್ತಾ ಇದ್ದೇನೆ ಸರ್.’

‘ನಿಲ್ಲಿಸು. ನಾನು ಮ್ಯಾನೇಜರ್, ನಾನು ಹೇಳುತ್ತಿದ್ದೇನೆ.’

‘ನೀವು ನನ್ನನ್ನ ಕೆಲಸದಿಂದ ತೆಗೀಬಹುದು. ಅಲ್ಲಿವರೆಗೆ ಈ ವಿಮಾನದ ಎಂಜಿನಿಯರು ನಾನೇ.’

ಭಟ್ಟರು ಕೂಗುವವರಲ್ಲ, ಆದರೆ ಅವತ್ತು ಅವರ ದನಿ ಶಾಮಿಯಾನದವರೆಗೂ ಕೇಳಿತು. ‘ನಿನಗೆ ಈ ಕೆಲಸ ಕೊಡಿಸಿದ್ದು ನಾನು. ಹಾರವಾಡದ ಹುಡುಗಿ, ದೋಣಿ ಎಂಜಿನ್ ನೋಡಿ ಬೆಳೆದವಳು, ವಿಮಾನ ಅವಳ ಕೈಗೆ ಯಾಕೆ ಹೇಳಿ ಕಂಪನಿಯವರು ಕೇಳಿದ್ದರು. ನಾನೇ ಹಟಹಿಡಿದು ಕೊಡಿಸಿದೆ. ಅದಕ್ಕೆ ಇದಾ?’

ಬ್ಯಾಂಡು ನಿಂತಿತು. ಕಾಶಿ ಕುರ್ಚಿಯಿಂದ ಎದ್ದಳು. ಈ ಸಲ ನೆರಿಗೆ ಸರಿಮಾಡಿಕೊಳ್ಳಲಿಲ್ಲ.

‘ಭಟ್ರೇ’ ಎಂದಳು, ಹತ್ತಿರ ಬಂದು. ‘ನನ್ನ ಮಗಳಿಗೆ ಯಾರೂ ಕೊಡಿಸಿದ್ದಲ್ಲ. ಅವ್ಳು ಓದಿ ಪಾಸಾಗಿ ತಕಂಡದ್ದು. ದೋಣಿ ಎಂಜಿನ್ ನೋಡಿ ಬೆಳೆದದ್ದು ಹೌದು. ದೋಣಿ ತಳ ನೀರು ಕುಡೀತದೆ ಅಂದ್ರೆ ನಮ್ಮಲ್ಲಿ ಯಾರೂ ಕಡಲಿಗೆ ಇಳ್ಸೂದಿಲ್ಲ, ಎಷ್ಟು ದೊಡ್ಡವ್ರು ಕಾಯ್ತಾ ಇದ್ರೂ.’

‘ಕಾಶಿಬಾಯಿ, ನಾನು ಆ ಅರ್ಥದಲ್ಲಿ ಹೇಳಲಿಲ್ಲ—’

‘ಯಾವ ಅರ್ಥದಲ್ಲಿ ಹೇಳಿದ್ರೂ ನಂಗೆ ಕೇಳ್ತು.’ ಅವಳು ಟೆಂಪೋದಲ್ಲಿ ಬಂದವರ ಕಡೆ ತಿರುಗಿ ತನ್ನ ತಮ್ಮನನ್ನು ಕರೆದಳು. ‘ತಿಮ್ಮು, ಬಾರೋ ಇಲ್ಲಿ. ಅದು ಭಾರ ಇರ್ತದೆ. ಅವ್ಳಿಗೆ ಕೈ ಕೊಡು.’

ತಿಮ್ಮು ಬಂದ, ಅವನ ಹಿಂದೆ ಇನ್ನೂ ಕೆಲವರು ಬಂದರು. ಅವರೆಲ್ಲ ಬೆಳಿಗ್ಗೆಯಿಂದ ಇಸ್ತ್ರಿ ಅಂಗಿಗೆ ಕೊಳೆಯಾಗದಂತೆ ಕೂತಿದ್ದವರು. ಸುಮಲತಾ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ತೋರಿಸಿದಳು. ನಟ್ಟುಗಳು ಒಂದೊಂದಾಗಿ ಸಡಿಲವಾದವು. ಕಡೆಯದು ಬಿಟ್ಟಾಗ ಪ್ರೊಪೆಲ್ಲರು ಒಮ್ಮೆ ಜಗ್ಗಿ ಅವರ ತೋಳುಗಳ ಮೇಲೆ ಕೂತಿತು, ಎಂಜಿನ್ನಿನ ಮೂತಿಯಿಂದ ಕಪ್ಪು ಎಣ್ಣೆ ತಿಮ್ಮುವಿನ ಅಂಗಿಯ ಮೇಲೆ ಸುರಿಯಿತು. ಅವನು ಅಲುಗಾಡಲಿಲ್ಲ. ದಂಡೆಯಲ್ಲಿ ಯಾರದೋ ಬಲೆ ಒಣಗುತ್ತಿತ್ತು. ಅದನ್ನು ಮಡಚಿ ಹಾಸಿ, ಅದರ ಮೇಲೆ ಮಲಗಿಸಿದರು. ಮೂತಿಯಿಲ್ಲದ ವಿಮಾನ ಬಿಸಿಲಿನಲ್ಲಿ ನಿಂತಿತು.

ಗೋವೆಯ ಎಂಜಿನಿಯರ್ ಬಂದು ಇಳಿದಾಗ ಸುಮಲತಾ ಬಾಯಿ ತೆರೆದ ಎಂಜಿನ್ನಿಗೆ ಪ್ಲಾಸ್ಟಿಕ್ ಕಟ್ಟುತ್ತಿದ್ದಳು. ಆತ ಅದನ್ನು ನೋಡಿದ, ಭಟ್ಟರನ್ನು ನೋಡಿದ, ಮತ್ತೆ ಕಾರು ಹತ್ತಿ ಬಾಗಿಲು ಹಾಕಿಕೊಂಡ. ಗಣ್ಯರು ಎಳನೀರು ಕುಡಿದು ಹೊರಟರು. ಭಟ್ಟರು ಒಬ್ಬರೇ ವೇದಿಕೆಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದರು. ಅವರನ್ನು ನೋಡಿ ಸುಮಲತಾಳಿಗೆ ಪಾಪ ಅನ್ನಿಸಿತು. ಆದರೆ ಬಿಚ್ಚಿದ್ದಕ್ಕೆ ಬೇಸರ ಅನ್ನಿಸಲಿಲ್ಲ.

ಬೆಂಗಳೂರಿನ ವರ್ಕ್‌ಶಾಪಿನಿಂದ ಉತ್ತರ ಬರುವವರೆಗೆ ಊರಿನಲ್ಲಿ ಎರಡು ಮಾತು ನಡೆದವು. ವಿಮಾನ ಬಿದ್ದು ಎಲ್ಲರೂ ಸಾಯುತ್ತಿದ್ದರು, ಆ ಹುಡುಗಿ ಉಳಿಸಿದಳು ಎಂದು ಕೆಲವರು. ಕೈಗೆ ಬಂದದ್ದನ್ನು ಹಾಳುಮಾಡಿದಳು ಎಂದು ಕೆಲವರು. ಯಾರಾದರೂ ಹೊಗಳಿದರೆ ಸುಮಲತಾ, ‘ಇನ್ನೂ ಗೊತ್ತಾಗಲಿಲ್ಲ’ ಎನ್ನುತ್ತಿದ್ದಳು. ಬಯ್ದರೂ ಅದನ್ನೇ ಹೇಳುತ್ತಿದ್ದಳು.

ಉತ್ತರ ಬಂದಾಗ ಭಟ್ಟರು ಅವಳನ್ನು ಕಾರವಾರದ ಕಚೇರಿಗೆ ಕರೆಸಿದರು. ಕಾಶಿಯೂ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಳು.

‘ಹಬ್ಬು ಸರಿ ಇದೆ’ ಎಂದರು ಭಟ್ಟರು. ಗೆದ್ದ ದನಿ ಅದಲ್ಲ, ದಣಿದ ದನಿ. ‘ಬಿರುಕಿಲ್ಲ. ಸೀಲು ಕೂರಿಸುವಾಗ ತಿರುಚಿಕೊಂಡಿತ್ತಂತೆ. ಹೊಸದು ಹಾಕಿ ಕಳಿಸಿದ್ದಾರೆ.’

ಬಿರುಕು ಸಿಕ್ಕಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂಬ ಯೋಚನೆ ಬಂದದ್ದಕ್ಕೆ ಸುಮಲತಾಳಿಗೇ ನಾಚಿಕೆಯಾಯಿತು. ‘ಒಳ್ಳೇದಾಯ್ತು ಸರ್’ ಎಂದಳು. ‘ಈಗ ಗೊತ್ತಾಯ್ತು.’

‘ಅವತ್ತು ಹಾರಿಸಿದ್ದರೆ ಏನೂ ಆಗುತ್ತಿರಲಿಲ್ಲ.’

‘ಆಗ್ತಿರ್ಲಿಲ್ಲ. ಆದ್ರೆ ಅವತ್ತು ಅದು ನಿಮ್ಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.’

ಭಟ್ಟರು ಮೇಜಿನ ಮೇಲೆ ಒಂದು ಬಿಳಿ ಹಾಳೆ ಸರಿಸಿದರು. ‘ಕಂಪನಿಯವರು ನಿನ್ನನ್ನು ತೆಗೆಯಬೇಕು ಹೇಳುತ್ತಾರೆ. ನಾನು ಮಾತಾಡಿದ್ದೇನೆ. ಅವಸರಪಟ್ಟು ಬಿಚ್ಚಿದೆ, ತಪ್ಪಾಯಿತು ಹೇಳಿ ಬರೆದು ಕೊಡು. ಎರಡೇ ಸಾಲು. ಕೆಲಸ ಉಳಿಯುತ್ತದೆ.’

ಅವರು ಒಳ್ಳೆಯದಕ್ಕೇ ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಅದರಿಂದಲೇ ಇಲ್ಲ ಎನ್ನುವುದು ಕಷ್ಟವಾಯಿತು.

‘ತಪ್ಪಾಗಲಿಲ್ಲ ಸರ್. ನಾಳೆ ಹಂಗೇ ಕೆಂಪು ಕಂಡ್ರೆ ನಾಳೆನೂ ಬಿಚ್ತೇನೆ. ಬೇಕಾದ್ರೆ ಆ ಎರಡು ಸಾಲು ಬರೆದು ಕೊಡ್ತೇನೆ.’

ಭಟ್ಟರು ಅವಳನ್ನೇ ನೋಡಿದರು. ಆಮೇಲೆ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು.

ಹೊರಗೆ ಕಾಶಿ ಕೇಳಿದಳು, ‘ಎಂತಾ ಆಯ್ತು?’

‘ಹಬ್ಬು ಸರಿ ಇತ್ತಂತೆ. ನನ್ನ ಕೆಲ್ಸ ಹೋಯ್ತು.’

ಕಾಶಿ ಎದ್ದು ಸೆರಗು ಸೊಂಟಕ್ಕೆ ಸಿಗಿಸಿದಳು. ‘ಸರಿ ಇತ್ತಾ’ ಎಂದಳು. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು.

ಅಂಕೋಲೆ ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಕೂತಿದ್ದ ಪರಿಚಯದ ಗಂಡಸೊಬ್ಬ ಸುಮಲತಾಳನ್ನು ನೋಡಿ, ಉಳಿದವರಿಗೂ ಕೇಳುವಂತೆ, ‘ವಿಮಾನ ನಿಲ್ಸಿದವ್ಳು ನೀನೇ ಅಲ್ದಾ? ಅದ್ಕೆ ಎಂತದೂ ಆಗಿರ್ಲಿಲ್ಲ ಅಂತಲ್ಲ?’ ಎಂದ.

ಕಾಶಿ ಬಾಯಿ ತೆರೆದಳು. ಸುಮಲತಾ ತಾಯಿಯ ತೋಳು ಹಿಡಿದು ತಡೆದಳು.

‘ಹೌದು, ನಾನೇ’ ಎಂದಳು. ‘ಎಂತದೂ ಆಗಿರ್ಲಿಲ್ಲ. ಬಿಚ್ಚಿ ನೋಡಿದ್ಕೆ ಗೊತ್ತಾಯ್ತು. ಸ್ವಲ್ಪ ಸರ್ಕೊ, ಆಯಿಗೆ ಕೂರೂಕೆ ಜಾಗ ಬಿಡು.’

ಅವನು ಸರಿದುಕೊಂಡ. ಕಾಶಿ ಕೂತಳು. ಬಸ್ಸು ಬಿಣಗಾ ಘಟ್ಟ ಹತ್ತತೊಡಗಿತು. ಸುಮಲತಾ ಮೇಲಿನ ಕಂಬಿ ಹಿಡಿದು, ಯಾರು ನೋಡಿದರೂ ಕಣ್ಣು ತಗ್ಗಿಸದೆ, ಹಾರವಾಡದ ತನಕ ನಿಂತೇ ಹೋದಳು.